ಮೂರು ಹಿಡಿ ಬೀಜ

ನನ್ನನ್ನು ಬೇಸಾಯದ ಶಾಲೆಗೆ ಕಳಿಸುವ ದಿನ ಅಪ್ಪ ಹೇಳಿದ್ದು ಒಂದೇ ಮಾತು. "ಅಲ್ಲಿ ತಲೆ ತಗ್ಗಿಸ್ಕಂಡು ಇದ್ದು ಬಾ, ಮಗ." ನಾನು ಹೂಂ ಅಂದೆ. ಹೂಂ ಅನ್ನುವಾಗಲೇ ಅದು ನನ್ನಿಂದ ಆಗುವ ಕೆಲಸವಲ್ಲ ಎಂದು ಗೊತ್ತಿತ್ತು. ಆಗ ನನಗೆ ಹದಿನೇಳೋ ಹದಿನೆಂಟೋ. ಯುದ್ಧದ ವರ್ಷಗಳು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಒಳ್ಳೆಯ ಬಟ್ಟೆ ಸಿಗುತ್ತಿರಲಿಲ್ಲ, ಸಿಟ್ಟು ಮಾತ್ರ ಬೇಕಾದಷ್ಟಿತ್ತು.

ಅಪ್ಪ ನಮ್ಮೂರ ಕೆರೆಯ ನೀರುಗಂಟಿ. ದಂಡಿಗನಹಳ್ಳಿ ಹೋಬಳಿಯ ಸಣ್ಣ ಊರು, ಊರಿಗಿಂತ ದೊಡ್ಡ ಕೆರೆ. ತೂಬು ಎತ್ತುವವನು ಅಪ್ಪ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿ ಬಿಡುವವನೂ ಅಪ್ಪ. ಅದೇ ಊರಿನ ಸೇದುವ ಬಾವಿಯ ಹತ್ತಿರ ಮಾತ್ರ ನಮ್ಮ ನೆರಳೂ ಸುಳಿಯುವಂತಿರಲಿಲ್ಲ. ನಮ್ಮದು ಊರಾಚೆಯ ಕೇರಿ, ಮುಟ್ಟಿಸಿಕೊಳ್ಳದ ಜನ. ಊರಿನ ಭತ್ತವೆಲ್ಲ ಅಪ್ಪ ಕಾಲಲ್ಲಿ ತುಳಿದು ತಿರುಗಿಸಿದ ನೀರು ಕುಡಿದೇ ಬೆಳೆಯುತ್ತಿತ್ತು. ಆ ಅನ್ನ ಯಾರ ಗಂಟಲಲ್ಲೂ ಸಿಕ್ಕಿಕೊಂಡದ್ದನ್ನು ನಾನು ಕೇಳಿಲ್ಲ.

ಸುಗ್ಗಿಯಲ್ಲಿ ಅಪ್ಪನ ಪಾಲಿನ ರಾಗಿ ಕೊಡುವುದಕ್ಕೆ ಒಂದು ಕ್ರಮವಿತ್ತು. ಅಪ್ಪ ಕಣದ ನೆಲಕ್ಕೆ ಕಂಬಳಿ ಹಾಸಿ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಪಟೇಲರು ಬಂದು ಮೊರದಲ್ಲಿ ಮೇಲಿನಿಂದ ಸುರಿದು ಹೋಗಬೇಕು. ಅವರು ದೂರ ಹೋದ ಮೇಲೆ ಅಪ್ಪ ಬಂದು ಗಂಟು ಕಟ್ಟಬೇಕು. ಚಿಕ್ಕಂದಿನಿಂದ ಅದನ್ನು ನೋಡಿಕೊಂಡೇ ಬೆಳೆದೆ. ಊರಿಗೆಲ್ಲ ಸರಿ ಕಂಡ ಆ ನಾಲ್ಕು ಹೆಜ್ಜೆ ನನಗೆ ಒಂದು ವರ್ಷವೂ ಸರಿ ಕಾಣಲಿಲ್ಲ.

ಚನ್ನರಾಯಪಟ್ಟಣದಲ್ಲಿ ನಾನು ಮಿಡ್ಲ್ ಸ್ಕೂಲು ಮುಗಿಸಿದಾಗ ಅಲ್ಲಿಯ ಹೆಡ್‌ಮಾಸ್ಟರು ತಾವೇ ಅರ್ಜಿ ಬರೆದು ನನ್ನ ಕೈಲಿ ರುಜು ಹಾಕಿಸಿದರು. ಹಾಸನದ ಹೊರಗೆ ರೈತರ ಮಕ್ಕಳಿಗೆ ಒಂದು ವರ್ಷದ ಬೇಸಾಯದ ಶಾಲೆ, ಊಟ ವಸತಿ ಅಲ್ಲೇ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಒಂದೊಂದು ತಾಲ್ಲೂಕಿನಿಂದ ಐದೈದು ಹುಡುಗರು. ನಮ್ಮ ಐವರಲ್ಲಿ ಒಬ್ಬ ನಮ್ಮೂರ ಪಟೇಲರ ಕಿರಿಯ ಮಗ. ಅವನು ಕಮಾನು ಗಾಡಿಯಲ್ಲಿ ಬಂದ, ನಾನು ನಡೆದೂ ಬಸ್ಸು ಹಿಡಿದೂ ಬಂದೆ. ಇಬ್ಬರಿಗೂ ಕೊಟ್ಟ ಚಾಪೆ ಮಾತ್ರ ಒಂದೇ ಅಳತೆಯದು. ಊಟಕ್ಕೆ ಅವರೆಲ್ಲ ಒಳಗೆ, ನಾನು ಜಗಲಿಯಲ್ಲಿ.

ಆದರೂ ಆ ಶಾಲೆ ನನಗೆ ಇಷ್ಟವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಇಷ್ಟವಾಯಿತು. ಮಣ್ಣನ್ನು ಗಾಜಿನ ಶೀಸೆಯಲ್ಲಿ ನೀರಿಗೆ ಹಾಕಿ ಕುಲುಕಿ ಇಟ್ಟರೆ ಮರಳು ಮೊದಲು ಕೆಳಗಿಳಿಯುತ್ತದೆ, ಜೇಡಿ ನಿಧಾನವಾಗಿ ಮೇಲೆ ಕೂರುತ್ತದೆ. ನಾಲ್ಕೂ ತಾಲ್ಲೂಕಿನ ಮಣ್ಣು ನಾಲ್ಕು ಶೀಸೆಯಲ್ಲಿ ನಾಲ್ಕು ಥರ ಕೂತಿದ್ದನ್ನು ನಾನು ಎಷ್ಟೋ ಹೊತ್ತು ನೋಡುತ್ತ ನಿಂತಿದ್ದೆ. ಮೇಷ್ಟ್ರು ಒಂದು ಅವರೆ ಗಿಡ ಕಿತ್ತು, ಬೇರಿನಲ್ಲಿದ್ದ ಸಣ್ಣ ಸಣ್ಣ ಗಂಟುಗಳನ್ನು ತೋರಿಸಿ, ಹೊಲಕ್ಕೆ ಗೊಬ್ಬರ ಇಲ್ಲಿಯೂ ತಯಾರಾಗುತ್ತದೆ ಅಂದರು. ಅವರೆ ಬೆಳೆದ ಜಾಗದಲ್ಲಿ ಮರುವರ್ಷ ರಾಗಿ ಚೆನ್ನಾಗಿ ಬರುತ್ತದೆ ಎಂದು ಅಪ್ಪನಿಗೆ ಗೊತ್ತಿತ್ತು, ಯಾಕೆ ಎಂದು ಗೊತ್ತಿರಲಿಲ್ಲ. ನನಗೆ ಈಗ ಗೊತ್ತಾಯಿತಲ್ಲ ಎಂದು ಆ ದಿನವೆಲ್ಲ ಎದೆ ಉಬ್ಬಿಸಿಕೊಂಡು ಓಡಾಡಿದೆ.

ಒಂದೊಂದು ತಾಲ್ಲೂಕಿನ ಗುಂಪಿಗೂ ಒಂದೊಂದು ತಾಕು ಹೊಲ, ಒಬ್ಬ ಮುಂದಾಳು. ಮುಂಗಾರಿಗೆ ಮುಂಚೆ ಪರೀಕ್ಷೆ ಮಾಡಿ, ಗುಂಪಿನಲ್ಲಿ ಯಾರಿಗೆ ಹೆಚ್ಚು ಅಂಕವೋ ಅವನೇ ಮುಂದಾಳು ಎಂದು ಶಾಲೆಯ ನಿಯಮ. ಕೆಲಸ ಹಂಚುವವನು ಅವನು, ಬೀಜದ ಮಡಕೆ ಕಾಯುವವನು ಅವನು. ನಮ್ಮ ಸೀಮೆಯಲ್ಲಿ ಬಿತ್ತನೆಯ ದಿನ ಮನೆಯ ಯಜಮಾನ ಮೊದಲ ಮೂರು ಹಿಡಿ ಬೀಜವನ್ನು ತನ್ನ ಕೈಯಿಂದಲೇ ಬಿತ್ತುವವನ ಬೊಗಸೆಗೆ ಹಾಕುತ್ತಾನೆ. ಅದು ಹಳ್ಳಿಯ ಒಳ್ಳೆಯ ಪದ್ಧತಿ, ಉಳಿಯಲಿ ಎಂದು ನಮ್ಮ ಸೂಪರಿಂಟೆಂಡೆಂಟರು ಆ ಕೆಲಸವನ್ನೂ ಮುಂದಾಳಿಗೇ ಕೊಟ್ಟಿದ್ದರು. ಹಾಗೆ ಮಾಡುವಾಗ ಪರೀಕ್ಷೆಯಲ್ಲಿ ನಾನು ಮೊದಲು ಬರುತ್ತೇನೆಂದು ಅವರಿಗೆ ಹೊಳೆದಿರಲಾರದು.

ನಾನು ಮೊದಲು ಬಂದೆ. ನಮ್ಮ ಗುಂಪಿನ ಉಳಿದ ಮೂವರು ಪಟೇಲರ ಮಗನ ಮುಖ ನೋಡಿದರು. ಅವನು ನನ್ನ ಮುಖ ನೋಡದೆಯೇ ಸೂಪರಿಂಟೆಂಡೆಂಟರಿಗೆ ಹೇಳಿದ.

"ಇವ್ನು ಕೆಲ್ಸ ಏಳ್ಲಿ ಸಾ, ಮಾಡ್ತೀವಿ. ಬೀಜ ಮಾತ್ರ ಇವ್ನ ಕೈಯಿಂದ ಈಸ್ಕಳಾಕಿಲ್ಲ. ಬೀಜ ಅಂದ್ಮೇಲೆ ಕೈಗುಣ ಅಂತ ಒಂದೈತೆ. ಇವ್ನ ಕೈದು ಮೊಳೀತದಾ?"

ಸೂಪರಿಂಟೆಂಡೆಂಟರು ಒಳ್ಳೆಯವರು. ಒಳ್ಳೆಯವರ ಕಷ್ಟವೇ ಅದು, ಅವರಿಗೆ ಎಲ್ಲರೂ ಸುಮ್ಮನಿರಬೇಕು. ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಹತ್ತಿರ ಕೈ ತಂದರು, ಇಡಲಿಲ್ಲ. "ನೋಡಪ್ಪ, ಪುಸ್ತಕದಲ್ಲಿ ಮುಂದಾಳು ಅಂತ ನಿನ್ನ ಹೆಸರೇ ಇರಲಿ. ಬೀಜ ಅವನು ಕೊಡಲಿ. ನಿಮ್ಮಪ್ಪ ಅದೇ ಊರಲ್ಲಿ ಬದುಕಬೇಕಲ್ಲ?"

ಅಪ್ಪನ ಮಾತು ನೆನಪಾಯಿತು. ಪಟೇಲರು ಮನಸ್ಸು ಮಾಡಿದರೆ ತೂಬಿನ ಕೆಲಸವನ್ನು ನಾಳೆಯೇ ಬೇರೆಯವರಿಗೆ ಕೊಡಬಹುದಿತ್ತು. ಹೆದರಿಕೆ ಆಯಿತು. ಆದರೂ ಬಾಯಿ ಸುಮ್ಮನಿರಲಿಲ್ಲ. "ಕೈಗುಣ ಇದ್ರೆ ಪರೀಕ್ಷೆ ಮಾಡಿ ನೋಡಣ ಸಾ. ಬೀಜದ ಪರೀಕ್ಷೆ ನೀವೇ ಏಳಿಕೊಟ್ಟಿದ್ದೀರಲ್ಲ," ಅಂದೆ.

ಆ ಪರೀಕ್ಷೆ ಸುಲಭದ್ದು. ನೂರು ರಾಗಿ ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ನೆರಳಲ್ಲಿಟ್ಟು, ಬಟ್ಟೆ ಆರದಂತೆ ನೋಡಿಕೊಂಡು, ನಾಲ್ಕನೆಯ ದಿನ ಬಿಚ್ಚಿ ಮೊಳಕೆ ಎಣಿಸಬೇಕು. ಒಂದೇ ಮಡಕೆಯಿಂದ ನಾನು ನೂರು ಕಾಳು ತೆಗೆದುಕೊಳ್ಳುವುದು, ಪಟೇಲರ ಮಗ ನೂರು ತೆಗೆದುಕೊಳ್ಳುವುದು, ಅವರವರ ಗಂಟು ಅವರವರೇ ಕಾಯುವುದು ಎಂದಾಯಿತು. ಅವನು ನಕ್ಕು ಒಪ್ಪಿಕೊಂಡ. ಇಪ್ಪತ್ತು ಹುಡುಗರೂ ಸುತ್ತ ಕೂತು ಕಾಳು ಎಣಿಸುವುದನ್ನು ನೋಡಿದರು.

ನಾಲ್ಕನೆಯ ದಿನ ನನ್ನ ಗಂಟು ಬಿಚ್ಚಿದಾಗ ಎಂಬತ್ತೆಂಟು ಕಾಳು ಬಿಳಿ ಮೊಳಕೆ ಬಿಟ್ಟಿದ್ದವು. ಪಟೇಲರ ಮಗನ ಗಂಟಿನ ಮೇಲೆ ಅರಿಶಿನ ಕುಂಕುಮ ಇತ್ತು. ಒಳಗೆ ಒಂದು ಕಾಳೂ ಮೊಳೆತಿರಲಿಲ್ಲ. ನೂರಕ್ಕೆ ಒಂದೂ ಇಲ್ಲ. ಬಿಚ್ಚಿದ ಬಟ್ಟೆ ಹಿಡಿದುಕೊಂಡು ಅವನು ಹಾಗೇ ಕೂತುಬಿಟ್ಟ.

ಆಮೇಲೆ ನಡೆದದ್ದನ್ನು ನಾನು ಎಣಿಸಿಯೇ ಇರಲಿಲ್ಲ. ಆ ಮಧ್ಯಾಹ್ನ ಹೊಳೆನರಸೀಪುರದ ಮುಂದಾಳು ತನ್ನ ಬೀಜದ ಮಡಕೆ ತಂದು ಜಗಲಿಯ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ಒಂಚೂರು ಕೈಯಾಡ್ಸಿ ಕೊಡಣ್ಣ," ಅಂದ. ಅವನ ಹಿಂದೆಯೇ ಅರಕಲಗೂಡಿನವರು ಬಂದರು. "ಅವ್ನ ಕೈ ದೊಡ್ಡದು ಕಣ್ಲಾ" ಎಂದು ಗುಸುಗುಸು. ನಿನ್ನೆಯವರೆಗೆ ಕೆಟ್ಟದ್ದಾಗಿದ್ದ ಕೈ ಒಂದೇ ದಿನದಲ್ಲಿ ದೇವರ ಕೈಯಾಗಿತ್ತು. ಮುಟ್ಟಿಸಿಕೊಳ್ಳುವವರು ಮಾತ್ರ ಯಾರೂ ಇರಲಿಲ್ಲ. ನಾನೇನು ಮಾಡಿದೆ? ಕೈಯಾಡಿಸಿಕೊಟ್ಟೆ. ಎರಡು ಮಡಕೆಗೂ ಕೈಯಾಡಿಸಿದೆ, ಗಂಭೀರವಾಗಿ ಮುಖ ಮಾಡಿಕೊಂಡು ಕಣ್ಣನ್ನೂ ಮುಚ್ಚಿದೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆವತ್ತು ಹಿತವಾಗಿತ್ತು.

ಮರುದಿನ ಬೆಳಿಗ್ಗೆ ಅಡುಗೆಯವರು ಜಗಲಿಗೆ ಬಂದು ನನಗೆ ಮುದ್ದೆ ಹಾಕುವಾಗ ತಾವಾಗಿಯೇ ಹೇಳಿದರು. "ಪಾಪ, ಆ ಪಟೇಲರ ಉಡ್ಗ ಗಂಟ್ನ ಎಷ್ಟು ಭಕ್ತಿಯಿಂದ ಒಲೆ ಮ್ಯಾಲಿನ ಅಟ್ಟದಲ್ಲಿ ಇಟ್ಟಿದ್ದ. ಯಾರೂ ಮುಟ್ಟಬ್ಯಾಡಿ ಅಂತ ಏಳಿದ್ದ."

ತುತ್ತು ಬಾಯಿಗೆ ಹೋಗಲಿಲ್ಲ. ನಮ್ಮ ಕಡೆ ಬೀಜದ ತೆನೆಯನ್ನು ಹುಳ ಹಿಡಿಯದಂತೆ ಒಲೆಯ ಮೇಲೆ ಹೊಗೆಯಲ್ಲಿ ಕಟ್ಟುತ್ತಾರೆ. ಮನೆಯಲ್ಲಿ ಬೀಜದ ಬೆಲೆ ಬಲ್ಲ ಹೆಂಗಸರ ಕೈಯಲ್ಲಿ ಬೆಳೆದ ಹುಡುಗ ಅವನು. ಒಳ್ಳೆಯ ಬೀಜಕ್ಕೆ ಒಲೆಯ ಮೇಲಿಗಿಂತ ಒಳ್ಳೆಯ ಜಾಗ ಯಾವುದು ಎಂದು ಅಲ್ಲಿಟ್ಟಿದ್ದಾನೆ. ಒಣಗಿದ ತೆನೆಗೆ ಸರಿ, ಒದ್ದೆ ಬಟ್ಟೆಗೆ ಅಲ್ಲ. ಇಪ್ಪತ್ತು ಜನಕ್ಕೆ ಅಡುಗೆಯಾಗುವ ಒಲೆ. ಬಟ್ಟೆ ಮೊದಲ ದಿನವೇ ಆರಿ ಕಾಳು ಬೆಂದುಹೋಗಿರಬೇಕು. ಅವನ ಕೈಯೂ ಅಲ್ಲ ನನ್ನ ಕೈಯೂ ಅಲ್ಲ, ಅಡುಗೆಯವರ ಒಲೆ ಗೆದ್ದಿತ್ತು.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮುಂದಾಳಿನ ಜಾಗ ನನ್ನದೇ, ಬೀಜವೂ ನನ್ನ ಕೈಯಿಂದಲೇ. ಆದರೆ ಅದು ಕೈಗುಣದಿಂದ ಸಿಕ್ಕ ಜಾಗ. ನಾಳೆ ಒಂದು ಸಾಲು ಮೊಳೆಯದೆ ಹೋದರೆ ಅದೇ ಕೈಗುಣ ನನ್ನನ್ನು ಒದ್ದು ಆ ಜಾಗದಿಂದ ಇಳಿಸುತ್ತದೆ. ನನಗೆ ಅವರ ಭಯ ಬೇಕಿರಲಿಲ್ಲ. ನನ್ನ ಕೈ ಎಲ್ಲರ ಕೈಯಂತೆ ಬರೀ ಕೈ, ಹಾಗೆಂದು ಗೊತ್ತಿದ್ದೂ ಅವರು ನನ್ನಿಂದ ಬೀಜ ಈಸಿಕೊಳ್ಳಬೇಕು. ಅಷ್ಟು ನನ್ನ ಹಠ.

ಪಾಠದ ಹೊತ್ತಿನಲ್ಲಿ ಎದ್ದು ನಿಂತು ಹೇಳಿದೆ. "ಈ ಪರೀಕ್ಷೆ ನಡೆಯಾಕಿಲ್ಲ ಸಾ. ಅವ್ನ ಗಂಟು ಒಲೆ ಮ್ಯಾಲೆ ಒಣಗೈತೆ. ಇನ್ನೊಂದ್ಸಲ ಆಗ್ಲಿ, ಎಲ್ಡೂ ಗಂಟು ಒಂದೇ ಕಡೆ ಇರ್ಲಿ."

ಹುಡುಗರೆಲ್ಲ ನನ್ನನ್ನು ಹುಚ್ಚ ಎಂಬಂತೆ ನೋಡಿದರು. ಎಲ್ಲರಿಗಿಂತ ಕೆರಳಿದವನು ಪಟೇಲರ ಮಗ. "ನಿನ್ ದಯ ನಂಗೇನೂ ಬ್ಯಾಡ ಕಣ್ಲಾ!" ಎಂದು ಕೂಗಿದ. ಸೋತದ್ದಕ್ಕಿಂತ, ನಾನು ಅವನ ಸೋಲನ್ನು ವಾಪಸು ಕೊಟ್ಟದ್ದು ಅವನಿಗೆ ಹೆಚ್ಚು ಉರಿದಿತ್ತು. "ದಯ ಅಲ್ಲ. ಲೆಕ್ಕ ಸರಿಯಿಲ್ಲ," ಅಂದೆ.

ಎರಡನೆಯ ಸಲ ಎರಡು ಗಂಟನ್ನೂ ಮೇಷ್ಟ್ರ ಮೇಜಿನ ಕೆಳಗೆ ಒಂದೇ ತಟ್ಟೆಯಲ್ಲಿ ಇಟ್ಟರು. ನಾಲ್ಕನೆಯ ದಿನ ನನ್ನದರಲ್ಲಿ ಎಂಬತ್ತಾರು, ಅವನದರಲ್ಲಿ ಎಂಬತ್ತೆಂಟು. ನಮ್ಮ ಗುಂಪಿನವನೊಬ್ಬ ಹಿಂದಿನಿಂದ, "ನೋಡ್ದಾ, ಎಲ್ಡು ಕಾಳು ಜಾಸ್ತಿ!" ಎಂದು ಚಪ್ಪಾಳೆ ತಟ್ಟಿದ.

ನನಗೆ ತಡೆಯಲಾಗಲಿಲ್ಲ. "ಎಲ್ಡು ಕಾಳ್ಗೆ ಒಂದು ಜಾತಿ ಗೆದ್ಬುಡ್ತದೇನ್ಲಾ?"

ಯಾರೋ ಕಿಸಕ್ಕೆಂದು ನಕ್ಕರು. ಮೇಷ್ಟ್ರು ಬೇರೆ ಕಡೆ ಮುಖ ತಿರುಗಿಸಿಕೊಂಡರು, ಅವರ ಹೆಗಲು ಕುಲುಕುತ್ತಿತ್ತು. ಸೂಪರಿಂಟೆಂಡೆಂಟರು ಬೀಜ ಚೆನ್ನಾಗಿದೆ, ಯಾರ ಕೈಯಲ್ಲಾದರೂ ಮೊಳೆಯುತ್ತದೆ ಎಂದು ಬರೆದು ರುಜು ಹಾಕಿದರು. ಮುಂದಾಳು ನಾನೇ. ಆದರೆ ಕೈಯಾಡಿಸಿಕೊಡಲು ಯಾರೂ ಮಡಕೆ ತರಲಿಲ್ಲ, ಅಣ್ಣ ಎಂದೂ ಕರೆಯಲಿಲ್ಲ. ಪಟೇಲರ ಮಗ ನನ್ನ ಜೊತೆ ಮಾತನ್ನೇ ಬಿಟ್ಟ.

ಪುನರ್ವಸು ಮಳೆ ಎರಡು ದಿನ ಹೊಡೆದು ಬಿಟ್ಟಿತು. ಮೂರನೆಯ ದಿನ ಹೊಲ ಹದಕ್ಕೆ ಬಂತು. ಉಳಿದ ಮೂರು ತಾಕಿನಲ್ಲಿ ಬೆಳಿಗ್ಗೆಯೇ ಬಿತ್ತುವ ಕೂರಿಗೆ ಹೂಡಿದರು. ನಮ್ಮ ತಾಕಿನಲ್ಲೂ ಎತ್ತು ಕಟ್ಟಿ ಕೂರಿಗೆ ಹಿಡಿದು ಇಬ್ಬರು ನಿಂತರು. ಬಿತ್ತುವವನು ಪಟೇಲರ ಮಗ. ಹಾಗೆ ಕೆಲಸ ಹಂಚಿದವನು ನಾನೇ. ಹಠಕ್ಕೆ ಅಲ್ಲ, ಕೂರಿಗೆಯ ಬಟ್ಟಲಿಗೆ ಬೆರಳ ಸಂದಿಯಿಂದ ಒಂದೇ ಸಮನೆ ಕಾಳು ಬಿಡುವುದರಲ್ಲಿ ಇಪ್ಪತ್ತು ಜನರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ನಾನು ಮಡಕೆಯಿಂದ ಒಂದು ಹಿಡಿ ರಾಗಿ ತೆಗೆದು ಕೈ ಚಾಚಿದೆ. ಅವನು ಕೈ ಒಡ್ಡಲಿಲ್ಲ.

"ಕೆಳಕ್ ಮಡಗು, ಎತ್ಕತೀನಿ."

"ಕೆಳಕ್ ಮಡಗಾಕಿಲ್ಲ. ಕೈಗೆ ಕೊಡ್ತೀನಿ, ಈಸ್ಕ."

ಸೂಪರಿಂಟೆಂಡೆಂಟರು ಬದುವಿನ ಮೇಲಿಂದ, "ಇಟ್ಟುಬಿಡಪ್ಪ, ಯಾಕೆ ರಗಳೆ, ಹದ ಹೋಗುತ್ತೆ," ಎಂದು ಬೇಡಿಕೊಂಡರು. ನಾನು ಕೈ ಇಳಿಸಲಿಲ್ಲ. ಬಿಸಿಲು ಏರಿತು. ಎತ್ತುಗಳು ಬಾಲ ಬೀಸಿಕೊಂಡು ನಿಂತವು. ಪಕ್ಕದ ಹೊಳೆನರಸೀಪುರದವರು ಅರ್ಧ ತಾಕು ಬಿತ್ತಿ ಮುಗಿಸಿ ನಮ್ಮನ್ನು ನೋಡುತ್ತ ನಿಂತರು. ತೋಳು ನೋಯುತ್ತಿತ್ತು, ಹಿಡಿಯೊಳಗಿನ ರಾಗಿ ಬೆವರಿಗೆ ಅಂಟುತ್ತಿತ್ತು. ನಾನು ಮನಸ್ಸಿನಲ್ಲಿ ಅಪ್ಪನ ನಾಲ್ಕು ಹೆಜ್ಜೆ ಎಣಿಸುತ್ತಿದ್ದೆ. ಒಂದು ಸುಗ್ಗಿಗೆ ನಾಲ್ಕರಂತೆ, ಅಪ್ಪ ಎಷ್ಟು ದೂರ ಹಿಂದಕ್ಕೆ ನಡೆದಿರಬಹುದು ಎಂದು.

ಪಟೇಲರ ಮಗ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಅಮುಕಿದ. ಉಂಡೆ ಕಟ್ಟಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಮುಕಿದ. ಮೂರನೆಯ ಸಲ ಉಂಡೆ ಬೆರಳ ನಡುವೆಯೇ ಒಡೆದು ಉದುರಿತು. ಅವನ ಮುಖದಲ್ಲಿ ನನ್ನ ಮೇಲಿನ ಸಿಟ್ಟಿಗಿಂತ ದೊಡ್ಡದೊಂದು ಸಂಕಟ ಕಂಡಿತು. ಎಷ್ಟೆಂದರೂ ಒಕ್ಕಲು ಮನೆಯವನು, ಕಣ್ಣೆದುರಿಗೆ ಹದ ಆರುವುದನ್ನು ನೋಡುತ್ತ ನಿಲ್ಲುವುದು ಅವನಿಂದ ಆಗಲಿಲ್ಲ. ಮಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಬಂದು ಬೊಗಸೆ ಒಡ್ಡಿದ.

"ಆಕ್ಲಾ, ಆಕು. ಹದ ಓಯ್ತದೆ."

ಮೂರು ಹಿಡಿ ಹಾಕಿದೆ. ಮೂರನೆಯ ಹಿಡಿ ಹಾಕುವಾಗ ನನ್ನ ಬೆರಳು ಅವನ ಅಂಗೈಗೆ ತಗುಲಿತು. ಕೂರಿಗೆ ಹೊರಟಿತು. ನಾನು ರಾಗಿ ಸಾಲುಗಳ ನಡುವಿನ ಅಕ್ಕಡಿ ಸಾಲಿಗೆ ಅವರೆ ಬೀಜ ಹಾಕಿಕೊಂಡು ಹಿಂದೆ ನಡೆದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಎರಡು ಕೈಗೂ ಬಿಡುವಿರಲಿಲ್ಲ. ಆ ವರ್ಷ ಬೆಳೆಯಲ್ಲಿ ನಮ್ಮ ತಾಕು ನಾಲ್ಕರಲ್ಲಿ ಎರಡನೆಯದು. ಮೊದಲು ಬಂದವರು ಹೊಳೆನರಸೀಪುರದವರು. ಅವರ ತಾಕಿಗೆ ಗೊಬ್ಬರದ ಗುಂಡಿ ಹತ್ತಿರವಿತ್ತು.

ಸುಗ್ಗಿಗೆ ಶಾಲೆ ಮುಗಿಸಿ ಊರಿಗೆ ಬಂದೆ. ನಾನು ಹೇಳುವ ಮೊದಲೇ ಸುದ್ದಿ ಪಟೇಲರ ಗಾಡಿಯಲ್ಲಿ ಬಂದು ಮುಟ್ಟಿತ್ತು. ಅಪ್ಪ ಬೈಯಲಿಲ್ಲ, ಹೊಗಳಲಿಲ್ಲ, ಕೇಳಲೂ ಇಲ್ಲ. ನನ್ನ ಸರ್ಟಿಫಿಕೇಟನ್ನು ತಲೆಕೆಳಗಾಗಿ ಹಿಡಿದು ಸ್ವಲ್ಪ ಹೊತ್ತು ನೋಡಿ ಪೆಟ್ಟಿಗೆಯಲ್ಲಿಟ್ಟ. ತಲೆ ತಗ್ಗಿಸಿಕೊಂಡು ಬಾ ಅಂದಿದ್ದೆನಲ್ಲ ಎಂದು ಇವತ್ತು ಕೇಳುತ್ತಾನೆ, ನಾಳೆ ಕೇಳುತ್ತಾನೆ ಎಂದು ನಾನು ಕಾದೆ.

ಪಾಲು ಕೊಡುವ ದಿನ ಅಪ್ಪನ ಜೊತೆ ಕಣಕ್ಕೆ ಹೋದೆ. ಅಪ್ಪ ಕಂಬಳಿ ತೆಗೆದ. ನೆಲಕ್ಕೆ ಹಾಸಲಿಲ್ಲ. ಎರಡು ತುದಿಯನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ತುದಿಯನ್ನು ಕೈಯಲ್ಲಿ ಹಿಡಿದು, ಮಡಿಲು ಮಾಡಿಕೊಂಡು ನಿಂತ. ಹಿಂದಕ್ಕೆ ಸರಿಯಲಿಲ್ಲ. ಮೊರ ಹಿಡಿದು ಬಂದ ಪಟೇಲರು ಅಲ್ಲೇ ನಿಂತುಬಿಟ್ಟರು.

"ಏನ್ಲಾ ಇದು, ಒಸಾ ಆಟ?"

"ಇದಕ್ಕೇ ಆಕಿ ಬುದ್ಧಿ," ಅಂದ ಅಪ್ಪ. ಮೆಲ್ಲಗೆ, ಎಂದಿನ ದನಿಯಲ್ಲಿ.

ಪಟೇಲರು ನನ್ನನ್ನು ಒಮ್ಮೆ ಸುಡುವ ಹಾಗೆ ನೋಡಿ, ಮೊರದ ರಾಗಿಯನ್ನು ಬರೀ ನೆಲಕ್ಕೆ ಸುರಿದರು. ಮೊರದ ಮೇಲೆ ಮೊರ, ಅಪ್ಪನ ಪಾಲು ಅಷ್ಟನ್ನೂ ಸುರಿದರು. ಅಪ್ಪ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದುಬಿಟ್ಟ. ನನಗೆ ಅವನ ಹಿಂದೆ ಓಡಬೇಕಾಯಿತು. ದಾರಿಯುದ್ದಕ್ಕೂ ಅವನ ಬೆನ್ನು ನೋಡಿಕೊಂಡು ಬಂದೆ. ಅಷ್ಟು ನೆಟ್ಟಗೆ ಆ ಬೆನ್ನನ್ನು ನಾನು ಮೊದಲು ನೋಡಿರಲಿಲ್ಲ.

ಅವ್ವ ಮಾತ್ರ ಇಬ್ಬರನ್ನೂ ಜಾಡಿಸಿದಳು. "ನಿಂದು ಓದು, ಇವ್ರದು ಸೊಕ್ಕು, ಬೇಯ್ಸೋಳು ನಾನು. ಏನ್ ಬೇಯ್ಸಲಿ? ಸರ್ಟಿಫಿಕೇಟ್ ಬೇಯ್ಸಲಾ?" ಪಕ್ಕದ ಮನೆಯವರು ಕೊಟ್ಟ ಹಿಟ್ಟಿನಲ್ಲಿ ಅಂಬಲಿ ಕಾಯಿಸಿದಳು. ಮರುದಿನ ನಮ್ಮ ಕೇರಿಯಿಂದ ಒಬ್ಬರೂ ಕಣದ ಕೆಲಸಕ್ಕೆ ಹೋಗಲಿಲ್ಲ. ಯಾರೂ ಯಾರಿಗೂ ಹೇಳಿದ್ದಲ್ಲ. ಕಣದಲ್ಲಿ ರಾಗಿಯ ಗುಡ್ಡೆ ಹಾಗೇ ಬಿದ್ದಿತ್ತು. ಅದು ನೀರುಗಂಟಿಯ ಪಾಲು, ಬೇರೆಯವರು ಮುಟ್ಟುವಂತಿಲ್ಲ. ಅದನ್ನು ತೆಗೆಯದೆ ಸರದಿಯಲ್ಲಿ ಮುಂದಿನ ಮನೆಯವರು ಅಲ್ಲಿ ತೆನೆ ಬಡಿಯುವಂತೆಯೂ ಇಲ್ಲ. ಗುಬ್ಬಿ, ಪಾರಿವಾಳ ಹಿಂಡು ಹಿಂಡಾಗಿ ಇಳಿದವು. ನಾಲ್ಕು ದಿನ ಊರೆಲ್ಲ ಆ ಗುಡ್ಡೆಯನ್ನು ಸುತ್ತಿಕೊಂಡು ಓಡಾಡಿತು.

ಐದನೆಯ ದಿನ ಬೆಳಿಗ್ಗೆ ಪಟೇಲರ ಮಗ ನಮ್ಮ ಕೇರಿಯೊಳಗೆ ಬಂದ. ತಲೆಯ ಮೇಲೆ ನಮ್ಮ ಪಾಲಿನ ರಾಗಿಯ ಮೂಟೆ. ಅವರ ಮನೆಯ ಮೂಟೆಗಳನ್ನು ಹೊತ್ತು ಅಭ್ಯಾಸವಿದ್ದದ್ದು ನಮ್ಮ ಕತ್ತುಗಳಿಗೆ, ಅವನ ಕತ್ತಿಗಲ್ಲ. ನರಗಳೆಲ್ಲ ಉಬ್ಬಿ ಕಾಲು ಅತ್ತಿತ್ತ ಬೀಳುತ್ತಿತ್ತು. ತನ್ನ ಅಪ್ಪನಿಗೆ ಹೇಳಿ ಬಂದನೋ ಹೇಳದೆ ಬಂದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇರಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಅವನು ಯಾರನ್ನೂ ನೋಡದೆ ನೇರ ನಮ್ಮ ಮನೆಯ ಮುಂದೆ ಬಂದು, ಮೂಟೆಯನ್ನು ಇಳಿಸಲು ಮೊಣಕಾಲು ಬಗ್ಗಿಸಿದ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಜಗಲಿಯಿಂದ ಇಳಿದು ಅವನ ಎದುರಿಗೆ ಹೋಗಿದ್ದ. ನಾಲ್ಕೇ ಹೆಜ್ಜೆ, ಮುಂದಕ್ಕೆ. ಎರಡು ಕೈಯನ್ನೂ ಮೇಲೆತ್ತಿ ಹಿಡಿದು ಹೇಳಿದ.

"ಕೆಳಕ್ ಇಳಿಸ್ಬ್ಯಾಡಿ ಬುದ್ಧಿ. ಕೈಗೆ ಕೊಡಿ."

ಅವನು ಕೊಟ್ಟ.